ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್

ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಎಂಬುದು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಅರಬ್ಬಿ ಸಮುದ್ರದಲ್ಲಿ ಸುಮಾರು 19 ಕಿ.ಮೀ. ದೂರವಿರುವ ನೇತ್ರಾಣಿ ದ್ವೀಪದ ಸುತ್ತಲಿನ ನೀರಿನಲ್ಲಿ ನಡೆಯುವ ಜಲಾಂತರ ಸಾಹಸ ಚಟುವಟಿಕೆಯಾಗಿದೆ. ಕರ್ನಾಟಕದ ಕರಾವಳಿಯಲ್ಲಿ ಹವಳಗಳನ್ನು ಹತ್ತಿರದಿಂದ ಕಾಣಲು ಅನುಕೂಲವಿರುವ ಪ್ರಮುಖ ಸ್ಥಳವಿದು. ಅಂಡಮಾನ್ ಮತ್ತು ಲಕ್ಷದ್ವೀಪಗಳಿಗೆ ಹೋಗಲು ವಿಮಾನ ಅಥವಾ ಹಡಗನ್ನು ಹಿಡಿಯಬೇಕಾದರೆ, ನೇತ್ರಾಣಿಗೆ ರಾಜ್ಯದ ಯಾವುದೇ ಮೂಲೆಯಿಂದ ರಸ್ತೆ ಅಥವಾ ರೈಲಿನಲ್ಲಿ ಬಂದು, ಮುಂದೆ ದೋಣಿಯಲ್ಲಿ ಹೋಗಬಹುದು. ಆದ್ದರಿಂದ ಬೆಂಗಳೂರು, ಮೈಸೂರು ಸೀಮೆಯ ಕುಟುಂಬಗಳು ಧರ್ಮಸ್ಥಳ, ಕೊಲ್ಲೂರು, ಮುರುಡೇಶ್ವರ, ಗೋಕರ್ಣಗಳ ಯಾತ್ರೆಯೊಂದಿಗೆ ಇದನ್ನೂ ಸೇರಿಸಿಕೊಳ್ಳುವುದು ರೂಢಿಯಾಗಿದೆ. ಹಿರಿಯರು ದೇವಸ್ಥಾನದಲ್ಲಿ ಉಳಿದರೆ ಕಿರಿಯರು ದೋಣಿ ಹತ್ತುತ್ತಾರೆ.

ಹೆಸರು ಮತ್ತು ಸ್ಥಳ

ಸ್ಥಳೀಯರಲ್ಲಿ ಈ ದ್ವೀಪಕ್ಕೆ ನಿತ್ರಾಣಿ ಎಂಬ ಹೆಸರೂ ಬಳಕೆಯಲ್ಲಿದೆ. ಬ್ರಿಟಿಷರ ಕಾಲದ ನಕ್ಷೆ, ಬರಹಗಳಲ್ಲಿ ಇದನ್ನು ಪಿಜನ್ ಐಲೆಂಡ್, ಅಂದರೆ ಪಾರಿವಾಳಗಳ ದ್ವೀಪ ಎಂದು ಕರೆಯಲಾಗಿದೆ. ಬಜರಂಗಿ ದ್ವೀಪ ಎಂಬ ಹೆಸರೂ ಇದೆ. ಆಕಾಶದಿಂದ ನೋಡಿದಾಗ ಹೃದಯದ ಆಕಾರದಲ್ಲಿ ಕಾಣುವುದರಿಂದ ಪ್ರವಾಸಿಗಳು ಅದನ್ನೂ ಒಂದು ಹೆಸರಾಗಿ ಬಳಸುತ್ತಾರೆ. ದ್ವೀಪವು ಕಡಿದಾದ ಬಂಡೆಗಳಿಂದ ಕೂಡಿದ್ದು ಮೇಲ್ಭಾಗದಲ್ಲಿ ದಟ್ಟ ಹಸಿರಿದೆ. ಮರಳಿನ ದಡವಿಲ್ಲ. ಜನವಸತಿಯೂ ಇಲ್ಲ.

ಮುರುಡೇಶ್ವರವು ರಾಷ್ಟ್ರೀಯ ಹೆದ್ದಾರಿ 66ರ ಸಮೀಪ, ಹೊನ್ನಾವರ ಮತ್ತು ಭಟ್ಕಳಗಳ ನಡುವೆ ಇದೆ. ಕೊಂಕಣ ರೈಲು ಮಾರ್ಗದಲ್ಲಿ ಊರಿಗೆ ತನ್ನದೇ ನಿಲ್ದಾಣವಿದೆ. ಕಂದುಕಗಿರಿಯ ಮೇಲಿರುವ 123 ಅಡಿ ಎತ್ತರದ ಶಿವನ ವಿಗ್ರಹ ಮತ್ತು ದೇವಸ್ಥಾನದ 20 ಅಂತಸ್ತಿನ ರಾಜಗೋಪುರವು ಸಮುದ್ರದಿಂದ ಬಹು ದೂರದವರೆಗೆ ಕಾಣುತ್ತವೆ. ದ್ವೀಪದಿಂದ ಮರಳುವ ದೋಣಿಗಳಿಗೆ ಅವು ದಿಕ್ಕಿನ ಗುರುತೂ ಹೌದು.

ಋತು

ನೇತ್ರಾಣಿಯಲ್ಲಿ ಡೈವಿಂಗ್ ವರ್ಷಪೂರ್ತಿ ನಡೆಯುವುದಿಲ್ಲ. ಜೂನ್ ತಿಂಗಳಲ್ಲಿ ನೈರುತ್ಯ ಮುಂಗಾರು ಆರಂಭವಾದ ಮೇಲೆ ಸಮುದ್ರವು ಸಣ್ಣ ದೋಣಿಗಳಿಗೆ ಯೋಗ್ಯವಾಗಿರುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದೂ ಇದೇ ಕಾಲದಲ್ಲಿ. ಮಳೆ ನಿಂತ ನಂತರ ಸುಮಾರು ಅಕ್ಟೋಬರ್ ತಿಂಗಳಿಂದ ಮೇ ತಿಂಗಳವರೆಗೆ ಡೈವಿಂಗ್ ನಡೆಯುತ್ತದೆ. ಡಿಸೆಂಬರ್, ಜನವರಿ ತಿಂಗಳುಗಳನ್ನು ಉತ್ತಮ ಕಾಲವೆಂದು ಪರಿಗಣಿಸಲಾಗುತ್ತದೆ.

ನೀರು ತಿಳಿಯಾಗಿರುವುದಕ್ಕೂ ಮಳೆಗೂ ನೇರ ಸಂಬಂಧವಿದೆ. ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿ ಹಾಗೂ ಈ ಭಾಗದ ಚಿಕ್ಕ ನದಿಗಳು ಮಳೆಗಾಲದಲ್ಲಿ ಘಟ್ಟದ ಮಣ್ಣನ್ನು ಹೊತ್ತು ತರುತ್ತವೆ. ಆ ಕೆಸರು ಕೆಳಗಿಳಿಯಲು ವಾರಗಳು ಬೇಕು. ದಡದ ಬಳಿ ನೀರು ಕದಡಿದ್ದರೂ 19 ಕಿ.ಮೀ. ಆಚೆ ತಿಳಿಯಾಗಿರುವುದು ಸಾಮಾನ್ಯ. ಮುರುಡೇಶ್ವರದ ಕಡಲತೀರದಲ್ಲಿ ನಿಂತು ನೀರಿನ ಬಣ್ಣ ನೋಡಿ ನಿರಾಶರಾಗುವವರು ಇದನ್ನು ಗಮನಿಸುವುದಿಲ್ಲ.

ದಸರಾ ರಜೆ, ಕ್ರಿಸ್‌ಮಸ್ ರಜೆ ಮತ್ತು ಬೇಸಿಗೆ ರಜೆಗಳು ಮೂರೂ ಈ ಋತುವಿನೊಳಗೆ ಬರುತ್ತವೆ. ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರು ತಂದೆತಾಯಿಯರನ್ನು, ನೆಂಟರನ್ನು ಕಾಣಲು ಹೆಚ್ಚಾಗಿ ಊರಿಗೆ ಬರುವುದೂ ಡಿಸೆಂಬರ್‌ನಲ್ಲಿಯೇ. ಈ ಹೊಂದಾಣಿಕೆಯಲ್ಲಿ ಒಂದು ಅಪಾಯವೂ ಅಡಗಿದೆ. ಅದನ್ನು ಮುಂದೆ ಘಟ್ಟ ಮತ್ತು ವಿಮಾನಗಳ ಭಾಗದಲ್ಲಿ ವಿವರಿಸಲಾಗಿದೆ.

ಸಲಕರಣೆಗಳು

ಸ್ಕೂಬಾ ಎಂಬುದು ನೀರಿನಡಿಯಲ್ಲಿ ಬಳಸುವ ಸ್ವಯಂಪೂರ್ಣ ಉಸಿರಾಟದ ಉಪಕರಣ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದಾದ ಶಬ್ದ. ಮೇಲಿನ ದೋಣಿಯಿಂದ ಕೊಳವೆಯ ಮೂಲಕ ಗಾಳಿ ಪಡೆಯದೆ, ಮುಳುಗುವವನು ತನ್ನ ಗಾಳಿಯನ್ನು ತಾನೇ ಬೆನ್ನ ಮೇಲೆ ಹೊತ್ತೊಯ್ಯುತ್ತಾನೆ ಎಂಬುದೇ ಇದರ ವಿಶೇಷ. ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ 1943ರಲ್ಲಿ ರೂಪಿಸಿದ ಅಕ್ವಾಲಂಗ್ ಇಂದಿನ ಉಪಕರಣಗಳ ಪೂರ್ವಜ.

ಸಿಲಿಂಡರಿನಲ್ಲಿರುವುದು ಆಮ್ಲಜನಕ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಪತ್ರಿಕೆಗಳ ವರದಿಗಳಲ್ಲಿಯೂ ಆಗಾಗ ಹಾಗೆಯೇ ಬರೆಯಲಾಗುತ್ತದೆ. ವಾಸ್ತವವಾಗಿ ಅದರಲ್ಲಿರುವುದು ಶೋಧಿಸಿ, ತೇವಾಂಶ ತೆಗೆದು ಒತ್ತಿ ತುಂಬಿದ ಸಾಮಾನ್ಯ ಗಾಳಿ, ಅಂದರೆ ಸುಮಾರು ಶೇ. 78 ಸಾರಜನಕ ಮತ್ತು ಶೇ. 21 ಆಮ್ಲಜನಕ. ಶುದ್ಧ ಆಮ್ಲಜನಕವನ್ನು 6 ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಅದು ನರಮಂಡಲಕ್ಕೆ ವಿಷವಾಗಿ ಪರಿಣಮಿಸಿ ಸೆಳವು ಬರಬಹುದು. ಸಾಮಾನ್ಯವಾಗಿ ಬಳಸುವ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರ್. ಅದರಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿಯನ್ನು ಹೊರಬಿಟ್ಟರೆ 2,200 ಲೀಟರಿನಷ್ಟಾಗುತ್ತದೆ.

ಸಿಲಿಂಡರಿನ ಅಧಿಕ ಒತ್ತಡದ ಗಾಳಿಯನ್ನು, ಆಯಾ ಆಳದಲ್ಲಿ ನೀರಿನ ಒತ್ತಡ ಎಷ್ಟಿದೆಯೋ ಅಷ್ಟಕ್ಕೆ ಇಳಿಸಿ ಬಾಯಿಗೆ ಕೊಡುವ ಸಾಧನವೇ ರೆಗ್ಯುಲೇಟರ್. ಗಾಳಿ ತುಂಬಿ ತೇಲಲು ಮತ್ತು ಗಾಳಿ ಬಿಟ್ಟು ಮುಳುಗಲು ನೆರವಾಗುವ ಜಾಕೆಟ್, ಕನ್ನಡಿ ಮುಖವಾಡ, ಕಾಲಿಗೆ ಈಜುರೆಕ್ಕೆ, ಸೊಂಟಕ್ಕೆ ಸೀಸದ ತೂಕ, ಮೈಗೆ ವೆಟ್‌ಸೂಟ್ ಇವು ಉಳಿದ ಸಲಕರಣೆಗಳು. ಗಾಳಿಯ ಒತ್ತಡವನ್ನು ತೋರಿಸುವ ಮೀಟರ್ ಸದಾ ಕಣ್ಣಿಗೆ ಕಾಣುವಂತೆ ಇರುತ್ತದೆ.

ಸೀಸದ ತೂಕದ ಅಗತ್ಯವು ಹೊಳೆಯಲ್ಲಿ ಈಜು ಕಲಿತವರಿಗೆ ವಿಚಿತ್ರವೆನಿಸಬಹುದು. ನಂಜನಗೂಡಿನ ಬಳಿಯ ಕಪಿಲೆಯಲ್ಲಿ ಅಥವಾ ಕಪಿಲೆಯು ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರದಲ್ಲಿ ಈಜಿದವರು ಸಮುದ್ರಕ್ಕಿಳಿದಾಗ ದೇಹ ಹೆಚ್ಚು ತೇಲುವುದನ್ನು ಗಮನಿಸುತ್ತಾರೆ. ಉಪ್ಪುನೀರಿನ ಸಾಂದ್ರತೆ ಸಿಹಿನೀರಿಗಿಂತ ಸುಮಾರು ಶೇ. 2.5ರಷ್ಟು ಹೆಚ್ಚು. 70 ಲೀಟರ್ ನೀರನ್ನು ಸರಿಸುವ ದೇಹಕ್ಕೆ ಇದರಿಂದ ಸುಮಾರು 1.75 ಕೆ.ಜಿ. ಹೆಚ್ಚಿನ ತೇಲುವಿಕೆ ಸಿಗುತ್ತದೆ. ಇದರ ಜೊತೆಗೆ ವೆಟ್‌ಸೂಟಿನ ರಬ್ಬರಿನೊಳಗಿನ ಗಾಳಿಗುಳ್ಳೆಗಳೂ ಮೇಲಕ್ಕೆತ್ತುತ್ತವೆ. ಈ ಎರಡನ್ನೂ ಸರಿದೂಗಿಸಲು ಸೀಸ ಬೇಕಾಗುತ್ತದೆ.

ಮೊದಲ ಮುಳುಗು

ನೇತ್ರಾಣಿಗೆ ಬರುವ ಬಹುಪಾಲು ಜನರು ಪ್ರಮಾಣಪತ್ರ ಹೊಂದಿದವರಲ್ಲ. ಒಂದು ದಿನದ ಪರಿಚಯಾತ್ಮಕ ಡೈವಿಂಗ್‌ಗಾಗಿ ಬರುವವರು. ಇವರಿಗೆ ಈಜು ಬರಲೇಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇರುವುದಿಲ್ಲ. ಪ್ರತಿಯೊಬ್ಬರ ಜೊತೆಗೂ ತರಬೇತುದಾರರೊಬ್ಬರು ಇರುತ್ತಾರೆ. 1966ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಪ್ಯಾಡಿ ಸಂಸ್ಥೆಯ ನಿಯಮದಂತೆ ಪರಿಚಯಾತ್ಮಕ ಡೈವಿಂಗ್‌ನ ಗರಿಷ್ಠ ಆಳ 12 ಮೀಟರ್ ಮತ್ತು ಕನಿಷ್ಠ ವಯಸ್ಸು 10 ವರ್ಷ. ಓಪನ್ ವಾಟರ್ ಎಂಬ ಮೊದಲ ಹಂತದ ಪ್ರಮಾಣಪತ್ರ ಪಡೆದ ವಯಸ್ಕರು 18 ಮೀಟರಿನವರೆಗೆ ಹೋಗಬಹುದು. ದ್ವೀಪದ ಸುತ್ತ ಇದಕ್ಕಿಂತ ಆಳವಾದ ಜಾಗಗಳೂ ಇದ್ದು, ಅವು ಅನುಭವಿಗಳಿಗೆ ಮೀಸಲು.

ದೋಣಿ ಹತ್ತುವ ಮುನ್ನ ಆರೋಗ್ಯದ ಪ್ರಶ್ನಾವಳಿಯನ್ನು ತುಂಬಬೇಕಾಗುತ್ತದೆ. ಉಬ್ಬಸ, ಹೃದಯದ ತೊಂದರೆ, ಮೂರ್ಛೆರೋಗ, ಕಿವಿಯ ಶಸ್ತ್ರಚಿಕಿತ್ಸೆ ಇದ್ದವರು ವೈದ್ಯರ ಒಪ್ಪಿಗೆಯಿಲ್ಲದೆ ಮುಳುಗುವಂತಿಲ್ಲ. ಗರ್ಭಿಣಿಯರು ಮುಳುಗಬಾರದು. ನೆಗಡಿ ಇದ್ದರೂ ಆ ದಿನ ಬಿಡುವುದು ಲೇಸು. ದೂರದಿಂದ ಬಂದು, ಹಣ ಕಟ್ಟಿ, ಜೊತೆಗಾರರೆಲ್ಲ ದೋಣಿ ಹತ್ತುತ್ತಿರುವಾಗ ಹೌದು ಎಂದು ಬರೆಯಬೇಕಾದಲ್ಲಿ ಇಲ್ಲ ಎಂದು ಬರೆಯುವ ಮೋಹ ಸಹಜ. ಆದರೆ ಆ ಹಾಳೆಯ ಉದ್ದೇಶ ಸಂಘಟಕರ ರಕ್ಷಣೆಯಷ್ಟೇ ಅಲ್ಲ.

ದೋಣಿಯ ಪ್ರಯಾಣ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಅಲೆಯ ಏರಿಳಿತದಿಂದ ವಾಂತಿಯಾಗುವವರು ಹಲವರು. ತೀರ ಖಾಲಿ ಹೊಟ್ಟೆಯೂ ಭಾರವಾದ ಊಟವೂ ಎರಡೂ ತೊಂದರೆ ಕೊಡುತ್ತವೆ. ದ್ವೀಪದ ಮರೆಯಲ್ಲಿ, ಗಾಳಿ ಕಡಿಮೆಯಿರುವ ಬದಿಯಲ್ಲಿ ದೋಣಿ ನಿಲ್ಲುತ್ತದೆ. ಪ್ರವಾಸಿಗಳು ದ್ವೀಪದ ಮೇಲೆ ಇಳಿಯಲು ಅವಕಾಶವಿಲ್ಲ. ದೋಣಿಯಿಂದಲೇ ನೇರವಾಗಿ ನೀರಿಗಿಳಿಯಬೇಕು.

ನೀರಿನೊಳಗೆ ಮಾತು ಸಾಧ್ಯವಿಲ್ಲದ್ದರಿಂದ ಕೈಸನ್ನೆಗಳನ್ನು ಮೊದಲೇ ಕಲಿಸಲಾಗುತ್ತದೆ. ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ವೃತ್ತ ಮಾಡಿದರೆ ಎಲ್ಲ ಸರಿಯಿದೆ ಎಂದರ್ಥ. ಹೆಬ್ಬೆರಳನ್ನು ಮೇಲಕ್ಕೆ ತೋರಿಸಿದರೆ ಮೇಲಕ್ಕೆ ಹೋಗೋಣ ಎಂದರ್ಥ. ನೆಲದ ಮೇಲೆ ಹೆಬ್ಬೆರಳೆತ್ತಿ ಚೆನ್ನಾಗಿದೆ ಎಂದು ಸೂಚಿಸುವ ಅಭ್ಯಾಸವಿರುವವರು ಸಂತೋಷದಿಂದ ಹೆಬ್ಬೆರಳು ತೋರಿಸಿ, ತರಬೇತುದಾರರು ಅವರನ್ನು ಮೇಲಕ್ಕೆ ಕರೆದೊಯ್ಯುವುದು ಹೊಸಬರಲ್ಲಿ ಸಾಮಾನ್ಯವಾದ ಗೊಂದಲ. ಅಂಗೈಯನ್ನು ಕೆಳಮುಖವಾಗಿ ಚಾಚಿ ಆಚೀಚೆ ಅಲ್ಲಾಡಿಸಿದರೆ ಏನೋ ತೊಂದರೆಯಿದೆ ಎಂಬ ಸೂಚನೆ. ಬಳಿಕ ತೊಂದರೆಯಿರುವ ಅಂಗವನ್ನು, ಬಹುತೇಕ ಕಿವಿಯನ್ನು, ಬೆರಳಿನಿಂದ ತೋರಿಸಬೇಕು.

ಒತ್ತಡದ ಪರಿಣಾಮಗಳು

ಸಮುದ್ರಮಟ್ಟದಲ್ಲಿ ಮನುಷ್ಯನ ದೇಹದ ಮೇಲೆ ಒಂದು ವಾಯುಭಾರದಷ್ಟು ಒತ್ತಡವಿರುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಇನ್ನೊಂದು ವಾಯುಭಾರ ಸೇರುತ್ತದೆ. 10 ಮೀಟರಿನಲ್ಲಿ ಒತ್ತಡ ಎರಡು ಪಟ್ಟು, 20 ಮೀಟರಿನಲ್ಲಿ ಮೂರು ಪಟ್ಟು. ಗಾಳಿಯ ಗಾತ್ರವು ಒತ್ತಡಕ್ಕೆ ವಿಲೋಮವಾಗಿ ಬದಲಾಗುತ್ತದೆ ಎಂಬ ಬಾಯ್ಲನ ನಿಯಮವನ್ನು ಕರ್ನಾಟಕದ ವಿದ್ಯಾರ್ಥಿಗಳು ಶಾಲಾ ಕಾಲೇಜುಗಳಲ್ಲಿಯೇ ಓದಿರುತ್ತಾರೆ. ಡೈವಿಂಗ್‌ನ ಬಹುತೇಕ ನಿಯಮಗಳು ಇದೊಂದರಿಂದಲೇ ಹುಟ್ಟಿವೆ.

ಮೊದಲನೆಯದು ಕಿವಿ. ಕಿವಿತಮಟೆಯ ಹಿಂಬದಿಯಲ್ಲಿರುವ ಗಾಳಿಯು ಇಳಿಯುವಾಗ ಕುಗ್ಗುತ್ತದೆ, ತಮಟೆ ಒಳಕ್ಕೆ ಬಾಗಿ ನೋವಾಗುತ್ತದೆ. ಮೂಗನ್ನು ಹಿಡಿದು ಮೆಲ್ಲನೆ ಊದಿ ಒತ್ತಡವನ್ನು ಸಮಗೊಳಿಸಬೇಕು. ಇಟಲಿಯ ಅಂಗರಚನಾ ಶಾಸ್ತ್ರಜ್ಞ ಆಂಟೋನಿಯೊ ವಾಲ್ಸಾಲ್ವನ ಹೆಸರಿನಿಂದ ಈ ಕ್ರಮವನ್ನು ಕರೆಯುತ್ತಾರೆ. ಘಟ್ಟ ಇಳಿಯುವ ಬಸ್ಸಿನಲ್ಲಿ ಕಿವಿ ಕಟ್ಟಿಕೊಂಡಾಗ ಉಗುಳು ನುಂಗುವುದೂ ಇದೇ ತತ್ವದ ಸೌಮ್ಯ ರೂಪ. ನೋವು ಬಂದ ಮೇಲೆ ಊದುವುದಲ್ಲ, ಬರುವ ಮುನ್ನವೇ ಪ್ರತಿ ಒಂದೆರಡು ಅಡಿಗೊಮ್ಮೆ ಊದಬೇಕು. ನೆಗಡಿಯಿದ್ದಾಗ ಮೂಗು ಮತ್ತು ಕಿವಿಯ ನಡುವಿನ ನಾಳ ಊದಿಕೊಂಡಿರುವುದರಿಂದ ಇದು ಸಾಧ್ಯವಾಗುವುದಿಲ್ಲ.

ಎರಡನೆಯದು ಶ್ವಾಸಕೋಶ. ಸ್ಕೂಬಾ ಡೈವಿಂಗ್‌ನ ಮೊದಲ ನಿಯಮ ಉಸಿರನ್ನು ಎಂದಿಗೂ ಬಿಗಿಹಿಡಿಯಬಾರದು ಎಂಬುದು. ಹೊಳೆಯಲ್ಲಿ ಉಸಿರು ಕಟ್ಟಿ ಮುಳುಗುವವನು ಮೇಲಿನ ಗಾಳಿಯನ್ನೇ ಒಳಕ್ಕೆ ಒಯ್ದಿರುತ್ತಾನೆ. ಆಳದಲ್ಲಿ ಕುಗ್ಗಿದ ಆ ಗಾಳಿ ಮೇಲೆ ಬಂದಾಗ ಮೊದಲಿನ ಗಾತ್ರಕ್ಕೇ ಮರಳುತ್ತದೆ. ಸ್ಕೂಬಾದಲ್ಲಿ ಹಾಗಲ್ಲ. 10 ಮೀಟರಿನಲ್ಲಿ ತುಂಬಿಕೊಂಡ ಗಾಳಿಯನ್ನು ಹಿಡಿದಿಟ್ಟು ಮೇಲೆ ಬಂದರೆ ಅದು ಇಮ್ಮಡಿಯಾಗಲು ಯತ್ನಿಸಿ ಶ್ವಾಸಕೋಶವನ್ನು ಹರಿಯುತ್ತದೆ, ಗಾಳಿಯ ಗುಳ್ಳೆಗಳು ರಕ್ತಕ್ಕೆ ಸೇರಿ ಮೆದುಳನ್ನು ತಲುಪಬಹುದು. ಒತ್ತಡದ ಅನುಪಾತ ಅತಿ ವೇಗವಾಗಿ ಬದಲಾಗುವುದು ನೀರಿನ ಮೇಲ್ಭಾಗದಲ್ಲಿ. ಆದ್ದರಿಂದ ಆಳ ಕಡಿಮೆಯಿದ್ದರೆ ಅಪಾಯವೂ ಕಡಿಮೆ ಎಂಬ ಎಣಿಕೆ ಇಲ್ಲಿ ತಪ್ಪು. ಗಾಬರಿಗೊಂಡು ಉಸಿರು ಹಿಡಿದು ಮೇಲಕ್ಕೆ ನುಗ್ಗುವ ಹೊಸಬನಿಗೆ ಒಂದೆರಡು ಮೀಟರ್ ಆಳವೂ ಸಾಕಾಗಬಹುದು. ವಿಶೇಷವೆಂದರೆ ಒಳ್ಳೆಯ ಈಜುಗಾರರಿಗೇ ಈ ನಿಯಮ ಕಷ್ಟ. ಬಾಲ್ಯದಿಂದ ನೀರಿನಡಿ ಉಸಿರು ಕಟ್ಟಿದ ಅಭ್ಯಾಸವನ್ನು ಅವರು ಬಿಡಬೇಕಾಗುತ್ತದೆ.

ಮೂರನೆಯದು ಗಾಳಿಯ ಖರ್ಚು. ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುವ ವ್ಯಕ್ತಿ 10 ಮೀಟರಿನಲ್ಲಿ 40 ಲೀಟರಿನಷ್ಟನ್ನು ಸಿಲಿಂಡರಿನಿಂದ ಖಾಲಿಮಾಡುತ್ತಾನೆ. ಗಾಬರಿಯಲ್ಲಿ ಇನ್ನೂ ಹೆಚ್ಚು. ಹೀಗಾಗಿ ಒಂದೇ ಅಳತೆಯ ಸಿಲಿಂಡರ್ ಹೊತ್ತ ಇಬ್ಬರಲ್ಲಿ ಒಬ್ಬರು ಬೇಗ ಮೇಲೆ ಬರಬೇಕಾಗುತ್ತದೆ.

ಸಾರಜನಕ

ಗಾಳಿಯಲ್ಲಿರುವ ಸಾರಜನಕವು ದೇಹಕ್ಕೆ ಉಪಯೋಗವಿಲ್ಲದಿದ್ದರೂ ಒತ್ತಡ ಹೆಚ್ಚಿದಂತೆ ರಕ್ತದಲ್ಲಿ ಹಾಗೂ ಅಂಗಾಂಶಗಳಲ್ಲಿ ಹೆಚ್ಚು ಕರಗುತ್ತದೆ. ಮೆಲ್ಲನೆ ಮೇಲೆ ಬಂದರೆ ಅದು ಉಸಿರಿನ ಮೂಲಕ ಹೊರಹೋಗುತ್ತದೆ. ವೇಗವಾಗಿ ಬಂದರೆ, ಮುಚ್ಚಳ ತೆಗೆದ ಸೋಡಾ ಬಾಟಲಿಯಲ್ಲಿ ಆಗುವಂತೆ, ಗುಳ್ಳೆಗಳಾಗಿ ಬೇರ್ಪಡುತ್ತದೆ. ಕೀಲುನೋವು, ಚರ್ಮದಲ್ಲಿ ತುರಿಕೆ, ಕೈಕಾಲು ಜೋಮು, ತಲೆಸುತ್ತು, ತೀವ್ರವಾದಾಗ ಪಾರ್ಶ್ವವಾಯು ಇದರ ಲಕ್ಷಣಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಸೇತುವೆಗಳ ಅಡಿಪಾಯಕ್ಕಾಗಿ ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳೊಳಗೆ ದುಡಿದ ಕಾರ್ಮಿಕರಲ್ಲಿ ಈ ರೋಗ ಮೊದಲು ದೊಡ್ಡ ಪ್ರಮಾಣದಲ್ಲಿ ಕಂಡುಬಂದಿತು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಕಾರ್ಮಿಕರು ಇದಕ್ಕೆ ಪ್ರಸಿದ್ಧ ನಿದರ್ಶನ. ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿ ಸಾರಜನಕವೇ ಕಾರಣವೆಂದು ತೋರಿಸಿದನು.

ಯಾವ ವೇಗದಲ್ಲಿ ಮೇಲೆ ಬರಬೇಕೆಂಬ ಮೊದಲ ವೈಜ್ಞಾನಿಕ ಕೋಷ್ಟಕಗಳನ್ನು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು 1908ರಲ್ಲಿ ಪ್ರಕಟಿಸಿದರು. ಅವರ ಪ್ರಯೋಗಗಳು ನಡೆದದ್ದು ಬಹುತೇಕ ಮೇಕೆಗಳ ಮೇಲೆ. ನೇತ್ರಾಣಿಯ ಬಂಡೆಗಳ ಮೇಲೆ ಅಲೆಯುವ ಕಾಡುಮೇಕೆಗಳನ್ನು ದೋಣಿಯಿಂದ ನೋಡುವ ಡೈವರ್‌ಗಳಿಗೆ ಆ ಪ್ರಾಣಿಯ ಋಣ ಎಷ್ಟೆಂಬುದು ಸಾಮಾನ್ಯವಾಗಿ ತಿಳಿದಿರುವುದಿಲ್ಲ.

ಇಂದು ನಿಮಿಷಕ್ಕೆ ಸುಮಾರು 9 ಮೀಟರಿಗಿಂತ ವೇಗವಾಗಿ ಮೇಲೇರದಿರುವುದು ಮತ್ತು 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವುದು ವ್ಯಾಪಕವಾಗಿ ಪಾಲಿಸಲಾಗುವ ಪದ್ಧತಿ. ರೋಗ ಕಾಣಿಸಿಕೊಂಡರೆ ತಕ್ಷಣದ ಉಪಚಾರ ಶುದ್ಧ ಆಮ್ಲಜನಕವನ್ನು ಉಸಿರಾಡಿಸುವುದು. ಮುಂದಿನ ಚಿಕಿತ್ಸೆ ಒತ್ತಡದ ಕೋಣೆಯಲ್ಲಿ ನಡೆಯಬೇಕು. ಅಂತಹ ಕೋಣೆಗಳು ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಭಾರತದಲ್ಲಿ ಈ ವೈದ್ಯಶಾಖೆಯ ಮುಖ್ಯ ಕೇಂದ್ರ ಮುಂಬೈಯ ಐಎನ್‌ಎಚ್‌ಎಸ್ ಅಶ್ವಿನಿಯಲ್ಲಿರುವ ನೌಕಾ ವೈದ್ಯಕೀಯ ಸಂಸ್ಥೆ.

ಘಟ್ಟ ಮತ್ತು ವಿಮಾನ

ಮೇಲೆ ಬಂದ ನಂತರವೂ ಹೆಚ್ಚುವರಿ ಸಾರಜನಕವು ಹಲವು ಗಂಟೆಗಳ ಕಾಲ ದೇಹದಲ್ಲಿ ಉಳಿದಿರುತ್ತದೆ. ಆ ಅವಧಿಯಲ್ಲಿ ವಾಯುಭಾರ ಕಡಿಮೆಯಿರುವ ಎತ್ತರಕ್ಕೆ ಹೋದರೆ ಗುಳ್ಳೆಗಳಾಗುವ ಸಾಧ್ಯತೆ ಹೆಚ್ಚುತ್ತದೆ. ಡೈವರ್‌ಗಳ ಸುರಕ್ಷತೆಗಾಗಿ ಕೆಲಸ ಮಾಡುವ ಡ್ಯಾನ್ ಸಂಸ್ಥೆಯ ಮಾರ್ಗಸೂಚಿಯಂತೆ, ಮೇಲೇರುವಾಗ ಕಡ್ಡಾಯ ನಿಲುಗಡೆಗಳ ಅಗತ್ಯವಿಲ್ಲದ ಒಂದೇ ಮುಳುಗಿನ ನಂತರ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಮುಳುಗುಗಳ ಅಥವಾ ಹಲವು ದಿನಗಳ ಡೈವಿಂಗ್‌ನ ನಂತರ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಕಡ್ಡಾಯ ನಿಲುಗಡೆ ಬೇಕಾದ ಮುಳುಗುಗಳ ನಂತರ ಇನ್ನೂ ಹೆಚ್ಚು ಕಾಲ ಕಾಯಬೇಕು. ವಿಮಾನದೊಳಗಿನ ಒತ್ತಡವನ್ನು ಕೃತಕವಾಗಿ ಹೆಚ್ಚಿಸಿದ್ದರೂ ಅದು ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿದಿರಬಹುದು.

ಈ ನಿಯಮ ವಿಮಾನಕ್ಕೆ ಮಾತ್ರ ಎಂದು ಭಾವಿಸುವವರು ಬಹಳ. ಮಾರ್ಗಸೂಚಿಯು ಗಮನದಲ್ಲಿಟ್ಟಿರುವುದು ಸುಮಾರು 600 ಮೀಟರಿಗಿಂತ ಮೇಲಿನ ಎತ್ತರವನ್ನು. ಮಾಲ್ಡೀವ್ಸ್ ಅಥವಾ ಲಕ್ಷದ್ವೀಪದಲ್ಲಿ ಬೆಟ್ಟಗಳೇ ಇಲ್ಲದಿರುವುದರಿಂದ ಅಲ್ಲಿ ಈ ಪ್ರಶ್ನೆ ಏಳುವುದಿಲ್ಲ. ನೇತ್ರಾಣಿಯ ವಿಚಾರ ಬೇರೆ. ಇಲ್ಲಿಂದ ಬಯಲುಸೀಮೆಗೆ ಮರಳುವ ಪ್ರತಿಯೊಂದು ದಾರಿಯೂ ಪಶ್ಚಿಮ ಘಟ್ಟವನ್ನು ಹತ್ತಲೇಬೇಕು, ಹತ್ತಿದ ಮೇಲೆ ಮತ್ತೆ ಇಳಿಯುವುದೂ ಇಲ್ಲ. ಶಿರಾಡಿ ಘಟ್ಟದ ಮೇಲಿರುವ ಸಕಲೇಶಪುರ ಹಾಗೂ ಅದರಾಚೆಯ ಹಾಸನ 900 ಮೀಟರಿಗಿಂತ ಎತ್ತರದಲ್ಲಿವೆ. ಸಂಪಾಜೆ ಮಾರ್ಗದ ಮಡಿಕೇರಿ 1,100 ಮೀಟರಿಗೂ ಹೆಚ್ಚು. ಗೇರುಸೊಪ್ಪೆ ಘಟ್ಟ ಹತ್ತಿ ಹೋಗುವ ಸಾಗರ, ಶಿವಮೊಗ್ಗಗಳು 600 ಮೀಟರಿನ ಆಸುಪಾಸಿನಲ್ಲಿವೆ. ಮೈಸೂರು ಸುಮಾರು 770 ಮೀಟರ್, ನಂಜನಗೂಡು ಸುಮಾರು 650 ಮೀಟರ್.

ಬೆಳಿಗ್ಗೆ ಮುಳುಗಿ, ಮಧ್ಯಾಹ್ನ ಊಟ ಮುಗಿಸಿ, ಸಂಜೆಗೆ ಘಟ್ಟ ಹತ್ತಿ, ರಾತ್ರಿಗೆ ಮನೆ ಸೇರುವ ಯೋಜನೆ ಹಳೇ ಮೈಸೂರು ಭಾಗದ ವಾರಾಂತ್ಯದ ಪ್ರವಾಸಿಗಳಲ್ಲಿ ಸಾಮಾನ್ಯ. 12 ಮೀಟರಿನೊಳಗಿನ ಒಂದು ಚಿಕ್ಕ ಮುಳುಗಿನಲ್ಲಿ ದೇಹ ಸೇರುವ ಸಾರಜನಕ ಅಲ್ಪವಾದ್ದರಿಂದ ಇವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಎರಡು, ಮೂರು ದಿನ ಸತತವಾಗಿ ಮುಳುಗಿ ಪ್ರಮಾಣಪತ್ರದ ತರಬೇತಿ ಮುಗಿಸಿದವರು ಅದೇ ಸಂಜೆ ಮಡಿಕೇರಿಯ ದಾರಿ ಹಿಡಿಯುವುದು ಬೇರೆ ಮಾತು. ಡೈವಿಂಗ್ ಅನ್ನು ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳದೆ ಮೊದಲ ದಿನಗಳಲ್ಲಿ ಮುಗಿಸಿ, ನಂತರ ಗೋಕರ್ಣ, ಇಡಗುಂಜಿ, ಕೊಲ್ಲೂರು, ಉಡುಪಿ ಮುಂತಾಗಿ ಕರಾವಳಿಯ ಸಮತಟ್ಟಿನಲ್ಲಿಯೇ ಒಂದು ದಿನ ಕಳೆಯುವುದರಿಂದ ಈ ತೊಡಕು ತಾನಾಗಿಯೇ ನಿವಾರಣೆಯಾಗುತ್ತದೆ. ಊರಿನ ಭೇಟಿ ಮುಗಿಸಿ ಮಂಗಳೂರು ಅಥವಾ ಗೋವಾದಿಂದ ಹೊರದೇಶಕ್ಕೆ ಹಾರುವವರಿಗೂ ಇದೇ ಅನ್ವಯಿಸುತ್ತದೆ. ಮುಳುಗಿದ ದಿನ ಅಥವಾ ಮರುದಿನ ಕಾಣಿಸಿಕೊಳ್ಳುವ ಕೀಲುನೋವು, ಜೋಮುಗಳನ್ನು ಪ್ರಯಾಣದ ಆಯಾಸವೆಂದು ತಳ್ಳಿಹಾಕದೆ, ಡೈವಿಂಗ್ ಮಾಡಿದ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ಒಳನಾಡಿನ ವೈದ್ಯರು ಕೇಳದೇ ಇರಬಹುದಾದ ಪ್ರಶ್ನೆ ಇದು.

ಜೀವಸಂಪತ್ತು

ನೇತ್ರಾಣಿಯ ಸುತ್ತ ಇರುವುದು ಲಕ್ಷದ್ವೀಪದಂತೆ ಹವಳದಿಂದಲೇ ನಿರ್ಮಿತವಾದ ದಿಬ್ಬವಲ್ಲ. ಮುಳುಗಿದ ಬಂಡೆಗಳ ಮೇಲೆ ಬೆಳೆದ ಹವಳ ಸಮುದಾಯ. ಗಿಳಿಮೀನು, ಚಿಟ್ಟೆಮೀನು, ಟ್ರಿಗರ್ ಮೀನು, ಸಿಂಹಮೀನು, ಬರಾಕುಡ, ಬಂಡೆಯ ಸಂದಿಗಳಲ್ಲಿ ತಲೆ ಹೊರಚಾಚಿ ಕಾಯುವ ಮೊರೆ ಈಲ್, ಸೀಗಡಿಗಳು ಇಲ್ಲಿ ಕಾಣಸಿಗುತ್ತವೆ. ಆಮೆಗಳೂ ಕೆಲವೊಮ್ಮೆ ಕಾಣುತ್ತವೆ. ಜಗತ್ತಿನ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕ್ ಅಪರೂಪಕ್ಕೆ ಕಂಡ ವರದಿಗಳಿವೆ. ಅದು ಪ್ಲವಕಗಳನ್ನು ತಿಂದು ಬದುಕುವ, ಮನುಷ್ಯರಿಗೆ ಅಪಾಯವಿಲ್ಲದ ಮೀನು. ಸಿಂಹಮೀನಿನ ಮುಳ್ಳುಗಳು ಮಾತ್ರ ವಿಷಯುಕ್ತ.

ಛಾಯಾಚಿತ್ರಗಳಲ್ಲಿ ಕಾಣುವ ಬಣ್ಣಗಳು ಬರಿಗಣ್ಣಿಗೆ ಹಾಗೆಯೇ ಕಾಣುವುದಿಲ್ಲ. ನೀರು ಕೆಂಪು ಬೆಳಕನ್ನು ಮೊದಲು ಹೀರಿಕೊಳ್ಳುವುದರಿಂದ ಕೆಲವೇ ಮೀಟರ್ ಆಳದಲ್ಲಿ ಕೆಂಪು ಮಂಕಾಗಿ ಎಲ್ಲವೂ ನೀಲಿ ಹಸಿರಿಗೆ ತಿರುಗುತ್ತದೆ. ಬೆಳಕಿನ ವಕ್ರೀಭವನದಿಂದ ವಸ್ತುಗಳು ನಿಜಕ್ಕಿಂತ ಹತ್ತಿರದಲ್ಲಿ, ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತವೆ. ಮರಳಿ ಬಂದವರು ಹೇಳುವ ಮೀನಿನ ಅಳತೆಯಲ್ಲಿ ಇಷ್ಟನ್ನು ಕಳೆಯಬಹುದು.

ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ತಿಮಿಂಗಿಲ ಶಾರ್ಕ್‌ಗೂ ಅದೇ ವರ್ಷ ಈ ರಕ್ಷಣೆ ದೊರೆಯಿತು. ಹವಳದ ತುಂಡನ್ನು ನೆನಪಿಗಾಗಿ ಮುರಿದು ತರುವುದು ಕಾನೂನಿನ ದೃಷ್ಟಿಯಲ್ಲಿ ಹುಲಿಯಂತಹ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಗಳ ಸಾಲಿಗೇ ಸೇರುತ್ತದೆ. ಮುರಿಯುವುದು ಹಾಗಿರಲಿ, ಹೊಸಬರ ಈಜುರೆಕ್ಕೆಯ ಒಂದು ಒದೆತ, ದೋಣಿಯ ಲಂಗರು, ಕಡಿದುಹೋದ ಮೀನುಬಲೆ ಇವು ನಿಧಾನವಾಗಿ ಬೆಳೆಯುವ ಹವಳಕ್ಕೆ ವರ್ಷಗಳ ನಷ್ಟವನ್ನುಂಟುಮಾಡುತ್ತವೆ. ಸಮುದ್ರದ ಉಷ್ಣತೆ ಏರಿದಾಗ ಹವಳಗಳು ತಮ್ಮೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತವೆ. ಜಗತ್ತಿನಾದ್ಯಂತ 1998, 2010 ಮತ್ತು 2014–17ರಲ್ಲಿ ಇಂತಹ ಬಿಳಿಚುವಿಕೆ ವ್ಯಾಪಕವಾಗಿ ಸಂಭವಿಸಿತ್ತು. ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಘೋಷಿಸಿದರು.

ದ್ವೀಪ, ಮೀನುಗಾರರು ಮತ್ತು ನೌಕಾಪಡೆ

ಡೈವಿಂಗ್ ಬರುವ ಬಹಳ ಮೊದಲಿನಿಂದಲೂ ನೇತ್ರಾಣಿಯು ಸುತ್ತಲಿನ ಮೀನುಗಾರರಿಗೆ ಪವಿತ್ರ ಸ್ಥಳ. ಬೇರೆ ಬೇರೆ ಧರ್ಮಗಳ ಮೀನುಗಾರರು ಇಲ್ಲಿಗೆ ಹರಕೆ ಹೊತ್ತು ಬರುತ್ತಾರೆ. ಹರಕೆಯ ಮೇಕೆಗಳನ್ನು ದ್ವೀಪದಲ್ಲಿ ಬಿಟ್ಟುಬರುವ ರೂಢಿಯೂ ಇದೆ. ಈಗಿನ ಕಾಡುಮೇಕೆಗಳು ಹಾಗೆ ಬಿಟ್ಟವುಗಳ ಸಂತತಿ ಎನ್ನಲಾಗುತ್ತದೆ. ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳು, ಗುಹೆಗಳಲ್ಲಿ ಬಾನಾಡಿ ಹಕ್ಕಿಗಳು ಮತ್ತು ದ್ವೀಪಕ್ಕೆ ಹೆಸರು ಕೊಟ್ಟ ಪಾರಿವಾಳಗಳು ನೆಲೆಸಿವೆ.

ಭಾರತೀಯ ನೌಕಾಪಡೆಯು ಈ ದ್ವೀಪವನ್ನು ಗುರಿ ಅಭ್ಯಾಸಕ್ಕಾಗಿ ಬಳಸುತ್ತ ಬಂದಿದೆ. ಇದೇ ಜಿಲ್ಲೆಯ ಕಾರವಾರದ ಬಳಿ ಐಎನ್‌ಎಸ್ ಕದಂಬ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಸ್ಫೋಟಗಳಿಂದ ಹವಳಗಳಿಗೂ ಹದ್ದುಗಳ ಗೂಡುಗಳಿಗೂ ಹಾನಿಯಾಗುತ್ತದೆ ಎಂದು ಪರಿಸರ ತಜ್ಞರು ಆಕ್ಷೇಪಿಸಿದ್ದಾರೆ. ದ್ವೀಪವನ್ನು ಜೀವವೈವಿಧ್ಯ ತಾಣವಾಗಿ ರಕ್ಷಿಸಬೇಕೆಂಬ ಬೇಡಿಕೆಯೂ ಹಲವು ವರ್ಷಗಳಿಂದ ಇದೆ. ಸಿಡಿಯದೆ ಉಳಿದ ಮದ್ದುಗುಂಡುಗಳ ಭಯವು ದ್ವೀಪದ ಮೇಲೆ ಇಳಿಯದಿರಲು ಇನ್ನೊಂದು ಕಾರಣ. ನೀರಿನಡಿಯಲ್ಲಿ ಲೋಹದ ಅಪರಿಚಿತ ವಸ್ತು ಕಂಡರೆ ಮುಟ್ಟಬಾರದು ಎಂಬ ಸೂಚನೆಯನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು.

ಚಲನಚಿತ್ರದಲ್ಲಿ

ನಟ ಪುನೀತ್ ರಾಜ್‌ಕುಮಾರ್ ಅವರು ನೇತ್ರಾಣಿಯಲ್ಲಿ ಮುಳುಗಿದ ದೃಶ್ಯಗಳು ಅಮೋಘವರ್ಷ ನಿರ್ದೇಶನದ ಗಂಧದ ಗುಡಿ ಚಿತ್ರದಲ್ಲಿವೆ. ಕರ್ನಾಟಕದ ಕಾಡು, ನದಿ, ಕಡಲುಗಳ ಮೂಲಕ ಇಬ್ಬರೂ ಕೈಗೊಂಡ ಪ್ರವಾಸವೇ ಚಿತ್ರದ ವಸ್ತು. ಪುನೀತ್ 2021ರ ಅಕ್ಟೋಬರ್ 29ರಂದು ನಿಧನರಾದರು. ಚಿತ್ರವು 2022ರ ಅಕ್ಟೋಬರ್ 28ರಂದು ಬಿಡುಗಡೆಯಾಯಿತು. ಇದರ ನಂತರ ಡೈವಿಂಗ್ ಎಂದರೆ ಅಂಡಮಾನ್ ಎಂದಷ್ಟೇ ಕೇಳಿದ್ದ ಅನೇಕ ಕನ್ನಡಿಗರಿಗೆ ನೇತ್ರಾಣಿಯ ಹೆಸರು ಪರಿಚಿತವಾಯಿತು.